ಹದಿನಾಲ್ಕು ಪರ್ಸೆಂಟಿಗೆ ನಿಂತ ಅಂಬಿಗ

"ಇವತ್ತು ಸಂಜೆ ಆರು ಗಂಟೆಗೆ ನಮ್ಮಪ್ಪ ಹೊರಟುಹೋಗ್ತಾರೆ. ಅಷ್ಟರೊಳಗೆ ಏನಾದ್ರೂ ಮಾಡಿ, ಅಮ್ಮಾ."

ಆ ಹೆಂಗಸು ಬಾಗಿಲಲ್ಲೇ ನಿಂತು ಕೈಮುಗಿದಾಗ, ಯಾರೋ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾರೆ ಎಂದೇ ನಾನು ತಿಳಿದೆ. ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತೆ. ಸುಭದ್ರಮ್ಮ ಮಾತ್ರ ಕುರ್ಚಿ ತೋರಿಸಿ, "ಮೊದಲು ಕೂತ್ಕೋ ತಾಯಿ. ಉಸಿರು ಬಿಟ್ಟು ಹೇಳು," ಎಂದರು.

ಶಿವಮೊಗ್ಗದ ವಿನೋಬನಗರದಲ್ಲಿ ಸುಭದ್ರಮ್ಮನವರ ಮನೆಯ ಗೋಡೆಗೆ ನಮ್ಮ ಮನೆಯ ಗೋಡೆ ಅಂಟಿಕೊಂಡಿದೆ. ಮೂವತ್ತಾರು ವರ್ಷ ಟೆಲಿಫೋನ್ ಇಲಾಖೆಯಲ್ಲಿ ದುಡಿದ ಅವರು, ಯಾರ ಮನೆಯ ಲೈನು ಎಲ್ಲಿ ಸತ್ತಿದೆ ಎಂದು ಕೂತಲ್ಲಿಂದಲೇ ಹೇಳುತ್ತಿದ್ದರು. ನಿವೃತ್ತರಾದ ಮೇಲೆ ಜನ ತಮ್ಮ ಉಳಿದ ಸಂಕಟಗಳನ್ನೂ ಅವರ ಹತ್ತಿರ ತರತೊಡಗಿದರು. ನಾನು ಉಜ್ಜನಪ್ಪ, ನಿವೃತ್ತ ಡ್ರಿಲ್ ಮಾಸ್ತರು, ಅವರ ಜೊತೆಗಾರ. ನನಗೆ ಸಿಟ್ಟು ಬೇಗ, ಹಸಿವು ಅದಕ್ಕಿಂತ ಬೇಗ. ಎರಡನ್ನೂ ಸುಭದ್ರಮ್ಮ ಸಹಿಸಿಕೊಂಡಿದ್ದಾರೆ.

ಬಂದವಳ ಹೆಸರು ಪುಷ್ಪಾ. ಭದ್ರಾವತಿಯ ಜನ್ನಾಪುರದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ, ವಯಸ್ಸು ಮೂವತ್ತೇಳು. ಅವಳ ತಂದೆ ಓಬಯ್ಯ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. ಅವಳಿನ್ನೂ ತಾಯಿಯ ಹೊಟ್ಟೆಯಲ್ಲಿ ಏಳು ತಿಂಗಳ ಕೂಸಾಗಿದ್ದಾಗ ಜ್ವರ ಬಂದು ತೀರಿಕೊಂಡರಂತೆ. ಸಾಯುವ ಎರಡು ವರ್ಷ ಮೊದಲು ಭದ್ರಾ ಹೊಳೆಯ ದಂಡೆಗೆ ಒಂದು ಸಿನಿಮಾದ ಶೂಟಿಂಗ್ ಬಂದಿತ್ತು. ಅದರಲ್ಲಿ ಓಬಯ್ಯನಿಗೆ ಅಂಬಿಗನ ಪಾತ್ರ, ಒಂದೇ ದೃಶ್ಯ.

"ಫೋಟೋ ಇದೆ ಅಮ್ಮಾ, ಅಪ್ಪನ ಮುಖ ಗೊತ್ತು. ದನಿ ಗೊತ್ತಿಲ್ಲ," ಎಂದಳು ಪುಷ್ಪಾ. "ಅಪ್ಪ ಹೆಂಗೆ ಮಾತಾಡ್ತಿದ್ರು ಅಂತ ಸಣ್ಣೋಳಿದ್ದಾಗಿಂದ ಕೇಳ್ತಿದ್ದೀನಿ. 'ಆ ಸಿನಿಮಾದಲ್ಲಿದೆ ಕಣೆ, ಸಿಕ್ಕಾಗ ಕೇಳೀಯಂತೆ' ಅಂತಾಳೆ ಅವ್ವ. ಆ ಸಿನಿಮಾ ಎಲ್ಲೂ ಸಿಗಲಿಲ್ಲ. ಹೋದ ತಿಂಗಳು ಹಳೇ ಸಿನಿಮಾ ತೋರಿಸೋ ಒಂದು ಆ್ಯಪಿನಲ್ಲಿ ಬಂತು. ಅದು ಫೋನಿಗೆ ಬರಲ್ಲ, ಟಿವಿಗೆ ಹಾಕೋ ಬಾಕ್ಸಿಗೆ ಮಾತ್ರ. ಬಾಕ್ಸ್ ತಂದೆ, ನೆಟ್ ಹಾಕಿಸಿದೆ. ಇವತ್ತು ಸಂಜೆ ಆರಕ್ಕೆ ಅದನ್ನ ತೆಗೀತಾರಂತೆ. ಅಷ್ಟರಲ್ಲಿ ಡೌನ್‌ಲೋಡ್ ಮಾಡ್ಕೊಂಡ್ರೆ ನಮ್ಮ ಬಾಕ್ಸಲ್ಲಿ ಉಳಿಯುತ್ತೆ. ಇಲ್ಲದಿದ್ರೆ ಇಲ್ಲ."

"ಡೌನ್‌ಲೋಡ್ ಎಷ್ಟಾಗಿದೆ?"

"ಹದಿನಾಲ್ಕು ಪರ್ಸೆಂಟು."

ಸುಭದ್ರಮ್ಮ ಒಂದೊಂದಾಗಿ ಕೇಳುತ್ತ ಹೋದರು. ಸೋಮವಾರ ನೆಟ್ಟಿನವನು ಬಂದು ರೂಟರನ್ನು ಮೊದಲು ಮುಂದಿನ ಹಾಲ್‌ನಲ್ಲಿರುವ ಸ್ಟೀಲ್ ಬೀರುವಿನ ಮೇಲಿಟ್ಟನಂತೆ. ಸಿಗ್ನಲ್ ಸರಿಯಾಗಿ ಬರಲಿಲ್ಲ. "ಕಬ್ಬಿಣ ಅಂದ್ರೆ ಇದಕ್ಕೆ ಆಗಲ್ಲ" ಎಂದು ತಾಯಿ ಮಗಳಿಬ್ಬರ ಎದುರೂ ಹೇಳಿ, ಗೋಡೆಯ ಖಾಲಿ ಗೂಡಿಗೆ ಇಟ್ಟುಹೋದ. ಮಂಗಳವಾರ ಸಂಜೆ ಡೌನ್‌ಲೋಡ್ ಶುರುಮಾಡಿದಾಗ ಮೂರೇ ನಿಮಿಷಕ್ಕೆ ಒಂಬತ್ತು ಪರ್ಸೆಂಟ್ ಇಳಿದು, ಕರೆಂಟು ಹೋಯಿತು. ಬುಧವಾರದಿಂದ ಕುಂಟತೊಡಗಿತು. ನಾಲ್ಕು ದಿನಕ್ಕೆ ಐದೇ ಪರ್ಸೆಂಟ್. ಕಸ್ಟಮರ್ ಕೇರಿನವರು ಹೇಳಿದಂತೆ ಬಾಕ್ಸನ್ನು ಆಫ್ ಮಾಡಿ ಆನ್ ಮಾಡಿದಳು, ಬೇಡದ್ದನ್ನೆಲ್ಲ ಅಳಿಸಿದಳು, ರೂಟರನ್ನು ಬಂದ್ ಮಾಡಿ ಮತ್ತೆ ಹಾಕಿದಳು. ಪಕ್ಕದ ಮನೆಗೆ ಬಾಕ್ಸ್ ಹೊತ್ತುಕೊಂಡು ಹೋದರೆ, 'ಇದು ನೀವು ನೋಂದಾಯಿಸಿದ ಮನೆಯಲ್ಲ' ಎಂದು ಪರದೆಯ ಮೇಲೆ ಬಂತು.

"ಯಾರೋ ನಿನ್ನ ನೆಟ್ ಕದೀತಿದ್ದಾರಮ್ಮ," ಎಂದೆ ನಾನು. "ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಮಹಡಿ ಮೇಲೆ ಬಾಡಿಗೆಗಿರೋ ಮಲ್ಲಿಕ್‌ಗೆ ಕೊಟ್ಟಿದ್ದೀನಿ. ಮನೇಲಿ ಅವ್ವ ಚೌಡಮ್ಮ, ನಾನು, ಚಿಕ್ಕಪ್ಪ ರಂಗಪ್ಪ ಮೂರೇ ಜನ. ಆ ಸಿನಿಮಾ ಮನೆಗೆ ತರಬೇಡ ಅಂತ ಚಿಕ್ಕಪ್ಪ ಮೊದಲಿಂದಲೂ ರೇಗ್ತಾರೆ. ಆದ್ರೆ ಅವರು ಸೋಮವಾರವೇ ಆಲ್ಕೊಳದ ಮಗಳ ಮನೆಗೆ ಹೋದೋರು, ಇವತ್ತು ಮಧ್ಯಾಹ್ನ ಬರ್ತಾರೆ." ಅವಳು ಗೋಡೆಯ ಗಡಿಯಾರ ನೋಡಿದಳು. "ಆರು ಗಂಟೆ ದಾಟಿದ್ರೆ ಇನ್ನು ಈ ಜನ್ಮದಲ್ಲಿ ಕೇಳಲ್ಲ, ಅಮ್ಮಾ."

ಬಸ್ಸಿನಲ್ಲಿ ಭದ್ರಾವತಿಗೆ ಹೊರಟೆವು. ದಾರಿಯಲ್ಲಿ ಹಸಿವೆಂದು ಗೊಣಗುತ್ತಿದ್ದ ನನ್ನ ಸಮಾಧಾನಕ್ಕೆಂದು ಪುಷ್ಪಾ ಅವ್ವನ ಅಕ್ಕಿ ರೊಟ್ಟಿಯ ಮಾತೆತ್ತಿದಳು. ಒಂದೊಂದು ರೊಟ್ಟಿ ಮೊರದಷ್ಟಗಲ, ಇಡೀ ಬೀದಿಗೆ ಹೆಸರುವಾಸಿ ಎಂದಳು. ಅಲ್ಲಿಂದ ಮುಂದೆ ನನ್ನ ತಲೆಯಲ್ಲಿ ಸಿನಿಮಾಕ್ಕಿಂತ ರೊಟ್ಟಿಯೇ ಹೆಚ್ಚಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಮನೆ ಸಣ್ಣದು. ಮುಂದೆ ಹಾಲ್, ಹಿಂದೆ ಟಿವಿ ಇರುವ ಕೋಣೆ, ನಡುವೆ ಒಂದೇ ಗೋಡೆ. ಹಾಲಿನ ಕಡೆಯ ಗೂಡಿನಲ್ಲಿ ರೂಟರ್ ಮಿಣುಕುತ್ತಿತ್ತು. ಅದರ ಹಿಂದೆ ದೇವರ ಚಿತ್ರದ ದೊಡ್ಡ ಕ್ಯಾಲೆಂಡರೊಂದನ್ನು ಒರಗಿಸಿಟ್ಟಿದ್ದರು. ಚೌಡಮ್ಮ ಅರವತ್ತು ದಾಟಿದ ಸಣಕಲು ಹೆಂಗಸು. ನೀರು ತಂದುಕೊಟ್ಟರು. ನಾವು ಯಾಕೆ ಬಂದೆವೆಂದು ಕೇಳಲಿಲ್ಲ.

ಸುಭದ್ರಮ್ಮ ಪುಷ್ಪಾಳ ಫೋನಿಗೆ ಅದೇ ವೈಫೈ ಹಾಕಿಸಿ, ರೂಟರಿನ ಮುಂದೆ ನಿಂತು ವೇಗ ನೋಡಿದರು. ಅಡ್ಡಿಯಿಲ್ಲದಷ್ಟು ಇತ್ತು. ಒಳಗೆ ಹೋಗಿ ಟಿವಿ ಬಾಕ್ಸಿನ ಪಕ್ಕದಲ್ಲಿ ಫೋನು ಹಿಡಿದರು. ವೇಗ ತೋರಿಸುವ ಮುಳ್ಳು ಏಳಲೇ ಇಲ್ಲ. ಎರಡು ಜಾಗಕ್ಕೂ ಹತ್ತಡಿ ಅಂತರವಿರಲಿಲ್ಲ. ಆದರೆ ರೂಟರಿನ ವೈರು ಗೂಡಿನಾಚೆ ಎಳೆಯುವಷ್ಟು ಉದ್ದವಿರಲಿಲ್ಲ, ಟಿವಿಯನ್ನು ಗೋಡೆಗೆ ಬಿಗಿದಿದ್ದರು.

ನಾನು ಮಲ್ಲಿಕ್‌ನನ್ನು ಕೆಳಗೆ ಕರೆಸಿದೆ. ಮೂವತ್ತರ ಆಸುಪಾಸಿನ, ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವನು ನಾನು ಬಾಯಿ ತೆಗೆಯುವ ಮೊದಲೇ ಹೇಳಿದ.

"ಸಾರ್, ನಾನು ಮ್ಯಾಚ್ ನೋಡಿದ್ದು ನಿಜ. ಅಕ್ಕ ಹೇಳಿದ ದಿನವೇ ನಿಲ್ಲಿಸಿದೆ. ಬೇಕಾದ್ರೆ ಫೋನು, ಟಿವಿ ಎರಡೂ ನಿಮ್ಮ ಹತ್ರವೇ ಇಟ್ಕೊಳಿ."

"ಮೇಲೆ ಸಿಗ್ನಲ್ ಚೆನ್ನಾಗಿ ಬರುತ್ತೇನಪ್ಪ?" ಎಂದು ಸುಭದ್ರಮ್ಮ ಕೇಳಿದರು.

"ಚೆನ್ನಾಗೇ ಬರ್ತಿತ್ತು ಮೇಡಂ."

ಅವನ ಎರಡನ್ನೂ ಬಂದ್ ಮಾಡಿಸಿದೆವು. ಡೌನ್‌ಲೋಡ್ ಹದಿನಾಲ್ಕರಿಂದ ಕದಲಲಿಲ್ಲ. ಪುಷ್ಪಾ ಟಿವಿಯ ಎದುರು ನೆಲದ ಮೇಲೆ ಕೂತು, ಆ ಅಂಕಿಯನ್ನೇ ನೋಡುತ್ತಿದ್ದಳು. ಒಂದು ಗಂಟೆಯಾಗಿತ್ತು. ಆ ಹುಡುಗನನ್ನು ಅನುಮಾನಿಸಿದ್ದಕ್ಕೆ ನನಗೆ ನಾಚಿಕೆಯಾಯಿತು.

ಊಟಕ್ಕೆ ಕರೆದರು. ನನ್ನ ತಟ್ಟೆಗೆ ಬಿದ್ದದ್ದು ಅಂಗೈ ಅಗಲದ, ಅರೆಬೆಂದ ರೊಟ್ಟಿ. ಒಲೆಯ ಮೇಲೆ ಹೊಸ ನಾನ್‌ಸ್ಟಿಕ್ ತವಾ ಇತ್ತು.

"ಮೊರದಷ್ಟಗಲ ಅಂದಿದ್ಯಲ್ಲಮ್ಮ ಪುಷ್ಪಾ," ಎಂದೆ. ಹೊಟ್ಟೆಯ ವಿಷಯದಲ್ಲಿ ನನಗೆ ಸಂಕೋಚವಿಲ್ಲ.

"ದೊಡ್ಡ ಕಾವಲಿ ಎತ್ತಕ್ಕೆ ಭಾರ ಆಗುತ್ತೆ ಸ್ವಾಮಿ. ಎತ್ತಿಟ್ಟೀನಿ," ಎಂದರು ಚೌಡಮ್ಮ.

"ಮೊನ್ನೆ ಮಂಗಳವಾರ ಅದರಲ್ಲೇ ಮಾಡಿದ್ಯಲ್ಲವ್ವ," ಎಂದಳು ಪುಷ್ಪಾ. ಸುಭದ್ರಮ್ಮ ತುತ್ತು ಅಲ್ಲಿಗೇ ನಿಲ್ಲಿಸಿದರು.

ಅಷ್ಟರಲ್ಲಿ ರಂಗಪ್ಪ ಚೀಲ ಹಿಡಿದು ಒಳಗೆ ಬಂದರು. ನಮ್ಮ ಕೆಲಸ ತಿಳಿದದ್ದೇ ಮುಖ ಗಂಟಿಕ್ಕಿದರು. "ಆ ಸಿನಿಮಾ ಬಂದ್ಮೇಲೆ ನಮ್ಮಣ್ಣ ನಗೋದನ್ನೇ ಬಿಟ್ಟ. ಕಾರ್ಖಾನೆ ನಾಟಕಕ್ಕೂ ಬಣ್ಣ ಹಚ್ಚಲಿಲ್ಲ. ಅಂಥ ಶನಿ ಈ ಮನೆಗೆ ಯಾಕೆ?"

"ಸಿನಿಮಾಕ್ಕೆ ಅಂತ ಅವರು ಎಷ್ಟು ದಿನ ರಜಾ ಹಾಕಿದ್ರು?" ಎಂದು ಸುಭದ್ರಮ್ಮ ಕೇಳಿದರು.

"ರಜಾನಾ? ಒಂದು ಭಾನುವಾರ ಮಧ್ಯಾಹ್ನ ಹೊಳೆ ದಂಡೇಲಿ ಮಾಡಿದ್ದು, ಅಷ್ಟೇ. ನಮ್ಮಣ್ಣ ಒಂದು ದಿನ ಡ್ಯೂಟಿ ತಪ್ಪಿಸಿದೋನಲ್ಲ. ಶಿವಮೊಗ್ಗ ಬಿಟ್ಟು ಆಚೆ ಊರು ಕಂಡೋನೂ ಅಲ್ಲ."

ಸುಭದ್ರಮ್ಮ ಕೈತೊಳೆದು ಬಂದು, ತುಂಬ ಹೊತ್ತು ಚೌಡಮ್ಮನವರನ್ನೇ ನೋಡುತ್ತ ಕೂತರು. ಯಾವ ಮನೆಯಲ್ಲೂ ಅವರು ಹೀಗೆ ತಡಮಾಡಿದ್ದನ್ನು ನಾನು ಕಂಡಿರಲಿಲ್ಲ. ಗಡಿಯಾರ ನೋಡಿ ನೋಡಿ ನನ್ನ ಕುತ್ತಿಗೆ ನೋಯಿತು. ನಾಲ್ಕು ಗಂಟೆಗೆ ಅವರು ಎಲ್ಲರನ್ನೂ ಟಿವಿಯ ಕೋಣೆಗೆ ಕರೆಸಿದರು.

"ಕಂಪನಿ ಲೈನು ಸರಿಯಾಗಿದೆ. ಹಾಲಿನಲ್ಲಿ ವೇಗ ಚೆನ್ನಾಗಿದೆ," ಎಂದು ಶುರುಮಾಡಿದರು. "ಬಾಕ್ಸಿನದ್ದೂ ತಪ್ಪಿಲ್ಲ. ಅದರ ಪಕ್ಕದಲ್ಲಿ ಹಿಡಿದ ಫೋನಿಗೂ ಅದೇ ಗತಿ. ಮಲ್ಲಿಕ್ ಕದ್ದಿದ್ರೆ ಅವನದನ್ನ ಬಂದ್ ಮಾಡಿದಾಗ ಇಲ್ಲಿ ಓಡಬೇಕಿತ್ತು, ಓಡಲಿಲ್ಲ. ಮೇಲೆ ಅವನಿಗೆ ಸಿಗ್ನಲ್ ಬರುತ್ತೆ, ಗೋಡೆಯಾಚೆ ಇಲ್ಲಿಗೆ ಮಾತ್ರ ಬರಲ್ಲ. ಅಂದ್ಮೇಲೆ ಅಡ್ಡಿ ಇರೋದು ಈ ಗೋಡೆಯಲ್ಲೇ. ಮಂಗಳವಾರ ಸಂಜೆ ಇರಲಿಲ್ಲ, ಬುಧವಾರ ಇತ್ತು. ಆಗ ರಂಗಪ್ಪನೋರು ಆಲ್ಕೊಳದಲ್ಲಿದ್ರು."

"ಅಂದ್ರೆ ಯಾರು?" ಎಂದೆ.

"ಮಾಸ್ತರೇ, ಅದನ್ನ ಹಿಡಿದಿದ್ದು ನಿಮ್ಮ ಹೊಟ್ಟೆ. ಮಂಗಳವಾರ ಒಲೆ ಮೇಲಿದ್ದ ಕಾವಲಿ ಆಮೇಲೆ ಭಾರ ಆಗಿದ್ದು ಯಾಕೆ? ನೆಟ್ಟಿನೋನು ಕಬ್ಬಿಣ ಇದಕ್ಕೆ ಆಗಲ್ಲ ಅಂದಾಗ ಕೇಳಿಸಿಕೊಂಡೋರು ಇಬ್ಬರೇ. ಖಾಲಿ ಗೂಡಿಗೆ ಕ್ಯಾಲೆಂಡರ್ ಯಾವಾಗ ಬಂತು? ಹೋಗಿ, ಅದರ ಹಿಂದೆ ನೋಡಿ."

ನಾನು ಹೋಗಿ ಕ್ಯಾಲೆಂಡರ್ ಸರಿಸಿದೆ. ಗೂಡಿನ ಹಿಂಗೋಡೆಗೆ ಒರಗಿ, ಎರಡಡಿ ಅಗಲದ ಕಪ್ಪು ಕಬ್ಬಿಣದ ಕಾವಲಿ ನಿಂತಿತ್ತು. ಎತ್ತಿ ತರುವಾಗ ನನ್ನ ತೋಳೇ ಬಿದ್ದುಹೋಯಿತು. ಪೂರ್ತಿ ತಡೆದಿದ್ದರೆ ಡೌನ್‌ಲೋಡ್ ನಿಂತೇಹೋಗಿ ಎಲ್ಲರೂ ಹುಡುಕುತ್ತಿದ್ದರು. ಅಕ್ಕಪಕ್ಕದಿಂದ ಒಂದಿಷ್ಟು ನುಸುಳಿದ್ದರಿಂದ ಕುಂಟುತ್ತ ಉಳಿದಿತ್ತು. ಒಳಗೆ ಟಿವಿಯಲ್ಲಿ ಅಂಕಿ ಹದಿನೈದಾಯಿತು, ಹದಿನೇಳಾಯಿತು, ಇಪ್ಪತ್ತೊಂದಾಯಿತು.

ಪುಷ್ಪಾ ಅದನ್ನು ನೋಡಲಿಲ್ಲ. ತಾಯಿಯನ್ನು ನೋಡುತ್ತಿದ್ದಳು.

"ನಾನೇ ಇಟ್ಟಿದ್ದು," ಎಂದರು ಚೌಡಮ್ಮ.

"ಯಾಕವ್ವ? ನಾಲ್ಕು ದಿನದಿಂದ ನಾನು ಅನ್ನ ಬಿಟ್ಟು ಅದರ ಮುಂದೆ ಕೂತಿದ್ದು ಕಾಣಲಿಲ್ವಾ ನಿನಗೆ?"

ಚೌಡಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಸುಭದ್ರಮ್ಮನವರತ್ತ ತಿರುಗಿದರು. "ನನ್ನ ಬಾಯಲ್ಲಿ ಬರಲ್ಲ ಅಕ್ಕ. ನಿಮಗೆ ತಿಳಿದಂಗಿದೆ. ನೀವೇ ಹೇಳಿಬಿಡಿ."

ಸುಭದ್ರಮ್ಮ ಪುಷ್ಪಾಳ ಪಕ್ಕಕ್ಕೆ ಬಂದು ಕೂತರು. "ಆ ಕಾಲದಲ್ಲಿ ಹೊಳೆ ದಂಡೇಲಿ ಆಡಿದ ಮಾತು ಹಾಗೇ ಸಿನಿಮಾಕ್ಕೆ ಬರ್ತಿರಲಿಲ್ಲಮ್ಮ. ಆಮೇಲೆ ಮದ್ರಾಸಿನ ಸ್ಟುಡಿಯೋಗೆ ಹೋಗಿ, ಚಿತ್ರ ನೋಡ್ತಾ ಮತ್ತೆ ಹೇಳಬೇಕಿತ್ತು. ಡಬ್ಬಿಂಗಿಗೆ ಬನ್ನಿ ಅಂತ ಅಲ್ಲಿಂದ ಬರೋ ಟ್ರಂಕ್ ಕಾಲ್ ನಾನೇ ಎಷ್ಟೋ ಜೋಡಿಸಿಕೊಟ್ಟಿದ್ದೀನಿ. ಒಂದು ದೃಶ್ಯದ ಪಾತ್ರಕ್ಕೆ ಯಾರೂ ಕರೆಸ್ತಿರಲಿಲ್ಲ, ಅಲ್ಲೇ ಇದ್ದೋರ ಕೈಲಿ ಹೇಳಿಸ್ತಿದ್ರು. ನಿಮ್ಮಪ್ಪ ಶಿವಮೊಗ್ಗ ದಾಟಿದೋರಲ್ಲ ಅಂತ ನಿಮ್ಮ ಚಿಕ್ಕಪ್ಪ ಹೇಳಿದ್ರು. ಆ ಸಿನಿಮಾದಲ್ಲಿ ಇರೋದು ನಿಮ್ಮಪ್ಪನ ಮುಖ. ದನಿ ಅವರದ್ದಲ್ಲ."

ಇಂಥ ಪತ್ತೆ ಮಾಡುವ ಬದಲು ಸುಮ್ಮನೆ ಮನೆಯಲ್ಲಿರಬಾರದಿತ್ತೇ ಎಂದು ನನಗೆ ಅನಿಸಿತು.

"ಟಾಕೀಸಲ್ಲಿ ಕಾರ್ಖಾನೆಯೋರೆಲ್ಲ ಬಂದಿದ್ರು," ಎಂದರು ಚೌಡಮ್ಮ ನಿಧಾನವಾಗಿ. "ಇವರ ಬಾಯಿ ಅಲ್ಲಾಡ್ತು, ಯಾರದೋ ದಪ್ಪ ದನಿ ಬಂತು. ಎಲ್ಲರೂ ನಕ್ಕುಬಿಟ್ರು. ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ನೀನು ಐದು ವರ್ಷದೋಳಿದ್ದಾಗ ಅಪ್ಪನ ದನಿ ಕೇಳಬೇಕು ಅಂತ ಅತ್ತೆ. ಸಿನಿಮಾದಲ್ಲಿದೆ ಅಂದೆ. ಅದು ಸಿಗೋದಿಲ್ಲ ಅಂತ ಧೈರ್ಯ. ಸಿಕ್ಕಿಬಿಡ್ತು. ಯಾರದೋ ದನೀನ ಅಪ್ಪ ಅನ್ಕೊಂಡು ನೀನು ಅಳೋದನ್ನ ನೋಡಲಾ, ಅಲ್ಲ ಅಂತ ಹೇಳಿ ಅಳಿಸಲಾ? ಸಂಜೆ ಆರು ದಾಟಿಹೋಗಲಿ ಅಂತ ದೇವರಿಗೆ ಕೈಮುಗಿದೆ."

"ಇಷ್ಟು ವರ್ಷ ಕಾದೆನಲ್ಲವ್ವ," ಎಂದಳು ಪುಷ್ಪಾ. ಅವಳು ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು. "ಇನ್ನೆಲ್ಲೂ ಇಲ್ವಲ್ಲ. ಎಲ್ಲೂ ಇಲ್ಲ." ಎದ್ದು ಟಿವಿ ಆರಿಸಲು ಕೈ ಚಾಚಿದಳು.

ಚೌಡಮ್ಮ ಆ ಕೈ ಹಿಡಿದುಕೊಂಡರು. "ಮುಗೀಲಿ, ಇರು."

ಇಪ್ಪತ್ತೈದು ನಿಮಿಷಕ್ಕೆ ಮುಗಿಯಿತು. ಪುಷ್ಪಾ ಮುಂದೆ ಓಡಿಸುತ್ತ ಹೋಗಿ ಹೊಳೆಯ ದೃಶ್ಯಕ್ಕೆ ನಿಲ್ಲಿಸಿದಳು. ದೋಣಿಯ ಮೇಲೆ ಹುಟ್ಟು ಹಿಡಿದು ನಿಂತ ತೆಳ್ಳನೆಯ ಯುವಕ ಬಾಯಿ ತೆರೆದ. ಅರಮನೆಯ ದ್ವಾರಪಾಲಕನಂಥ ದೊಡ್ಡ ದನಿಯೊಂದು ಕೋಣೆಯಲ್ಲಿ ಮೊಳಗಿತು. ಪುಷ್ಪಾ ಕಣ್ಣು ಮುಚ್ಚಿಕೊಂಡಳು.

"ಸೌಂಡ್ ಪೂರ್ತಿ ತೆಗಿ," ಎಂದರು ಚೌಡಮ್ಮ. "ಮತ್ತೆ ಮೊದಲಿಂದ ಹಾಕು. ಈ ಮಾತನ್ನ ಎಂಟು ದಿನ ಒಲೆ ಮುಂದೆ ಕೂತು ನನ್ನ ಹತ್ರ ಒಪ್ಪಿಸಿದಾರೆ. ಅವರು ಎಲ್ಲಿ ತಡವರಿಸ್ತಿದ್ರು ಅಂತ ನನಗೆ ಗೊತ್ತು."

ಪುಷ್ಪಾ ಹಾಗೇ ಮಾಡಿದಳು. ಸದ್ದಿಲ್ಲದ ಹೊಳೆಯ ಮೇಲೆ ದೋಣಿ ಬಂತು. ಯುವಕನ ತುಟಿ ಅಲುಗಿದ್ದಕ್ಕೆ ಸರಿಯಾಗಿ ಚೌಡಮ್ಮ ಮಾತಾಡಿದರು. ದನಿ ಅವರದ್ದಾಗಿರಲಿಲ್ಲ. ತಗ್ಗಿದ ದನಿ, ಸ್ವಲ್ಪ ಮೂಗಿನಲ್ಲಿ, ಕೊನೆಯ ಮಾತನ್ನು ಎಳೆಯುತ್ತ ಬರುವಂಥದ್ದು.

"ಹೊಳೆ ತುಂಬೈತೆ, ಸ್... ಸ್ವಾಮಿ. ಇವತ್ತು ದಾಟೋದು ಬ್ಯಾಡ. ಒಂದು ರಾತ್ರಿ ನಮ್ಮ ಮನೇಲಿರಿ. ಬೆಳಿಗ್ಗೆ ನಾನೇ ಕರ್ಕೊಂಡು ಹೋಗ್ತೀನಿ."

ಬಾಗಿಲ ಬಳಿ ನಿಂತಿದ್ದ ರಂಗಪ್ಪ, "ಅಣ್ಣ," ಎಂದು ಅಲ್ಲೇ ನೆಲಕ್ಕೆ ಕುಸಿದು ಕೂತರು.

ಪುಷ್ಪಾ ಚಿಕ್ಕಪ್ಪನ ಮುಖ ನೋಡಿದಳು. ಆಮೇಲೆ ತಾಯಿಯ ಮಗ್ಗುಲಿಗೆ ಸರಿದು, ರಿಮೋಟನ್ನು ಒತ್ತಿ ದೋಣಿಯನ್ನು ಹಿಂದಕ್ಕೆ ತಂದಳು.

"ಇನ್ನೊಂದ್ಸಲ ಹೇಳವ್ವ," ಎಂದಳು.