ಕರಿಗೈ ವೀರ ಮುಟ್ಟದ ಮಗಳು

“ಕೈ ತೆಗೀರಿ! ಅದನ್ನ ನೋಡಬ್ಯಾಡ್ರಿ!”

ಗಿರಾಕಿ ದುರುಗೇಶ ಕೂಗುವಷ್ಟರಲ್ಲಿ ರೇಣುಕಾ ಕೊಪ್ಪಳದ ತನ್ನ ಅಂಗಡಿಯ ಝೆರಾಕ್ಸ್ ಯಂತ್ರದಲ್ಲಿ ಸಿಕ್ಕಿಕೊಂಡಿದ್ದ ಹಾಳೆಯನ್ನು ಎಳೆದುಬಿಟ್ಟಿದ್ದಳು.

ಎಳೆದವಳು ಹಾಗೇ ನಿಂತಳು.

ಹಾಳೆಯಲ್ಲಿ ಅವಳದೇ ಮನೆಯ ಹಿತ್ತಲು! ಅದೇ ಜಾಲಿ ಗಿಡ, ಗಿಡಕ್ಕೆ ನೇತುಹಾಕಿದ ಅಂಗಿ, ಬಾಯಿ ಒಡೆದ ನೀಲಿ ಡ್ರಮ್ಮು. ಪಕ್ಕದಲ್ಲಿ ಮುಖವಾಡ ತೊಟ್ಟ ಹೀರೋ, ‘ಕರಿಗೈ ವೀರ’. ಅವನ ಅಂಗೈಯೊಳಗೆ ಹಲ್ಲು ಕಿರಿಯುವ ದೆವ್ವ. ಎದುರಿಗೆ ಎರಡು ಜಡೆಯ ಹುಡುಗಿ ತೋಳು ಚಾಚಿ ಓಡಿಬರುತ್ತಿದ್ದಾಳೆ. ಹೀರೋ ಚೀರುತ್ತಿದ್ದಾನೆ: “ದೂರ ಸರಿ!”

ಆ ಎರಡು ಮಾತು... ಹದಿನೇಳು ವರ್ಷದಿಂದ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿದ್ದವು. ಕಬ್ಬಿಣದ ಫ್ಯಾಕ್ಟರಿಯಿಂದ ಬಂದ ಅಪ್ಪನನ್ನು ತಬ್ಬಲು ಓಡಿದ ಆರು ವರ್ಷದ ರೇಣುಕಾಗೆ ಅಪ್ಪ ಅಂದದ್ದು ಅದನ್ನೇ. ಆಮೇಲೆ ಅವಳು ಓಡಲಿಲ್ಲ, ಅಪ್ಪ ಕರೆಯಲಿಲ್ಲ. ಗೆಳತಿ ಅಫ್ರೋಜಳಿಗೂ ಅವಳು ಇದನ್ನು ಹೇಳಿರಲಿಲ್ಲ.

ಇವನಿಗೆ ಹೇಗೆ ಗೊತ್ತು?

“ನಮ್ಮ ಹಿತ್ತಲದಾಗ ಏನ್ ಕೆಲಸ ನಿಮಗ?”

“ರೇಣುಕಾ ಅವ್ರ, ಇದು ಕಾಮಿಕ್ಸ್‌ರೀ... ಸುಮ್ನ ಒಂದು ಕಥಿ...”

“ಕಥಿ ಅಂತ ಕಥಿ! ನಾ ಅಂಗಡ್ಯಾಗ ಇದ್ದಾಗ, ಐತವಾರಕ್ಕೊಮ್ಮೆ ನಮ್ಮ ಜಾಲಿ ಗಿಡದ ಕೆಳಗ ಒಂದು ಬೈಕ್ ನಿಂದರತೈತಿ ಅಂತ ಬಾಜೂ ಮನ್ಯಾಕಿ ಹೇಳತಿದ್ಲು. ನಿಮ್ಮದ ಹೌದಿಲ್ಲೋ?”

ಅವನು ತಲೆ ತಗ್ಗಿಸಿದ.

ಅಯ್ಯೋ, ಎಂಥ ಹುಚ್ಚಿ ನಾನು! ಮೂರು ತಿಂಗಳಿಂದ ಪ್ರತಿ ಗುರುವಾರ ಇವನ ದಾರಿ ಕಾಯ್ದೆನಲ್ಲ... ಹಾಳೆಗಳನ್ನು ಮಗುಚಿ ತಾನೇ ಯಂತ್ರಕ್ಕೆ ಇಡುತ್ತಿದ್ದ. ಸ್ಟೇಪ್ಲರ್ ಕೊಡಲು ಹೋದರೆ “ಅಲ್ಲೇ ಇಡ್ರಿ” ಎಂದು ಹಿಂದೆ ಸರಿಯುತ್ತಿದ್ದ. ಮರ್ಯಾದಸ್ಥ ಅಂದುಕೊಂಡಿದ್ದಳು. ಆಮೇಲೆ, ಜಾತಿ ನೋಡುತ್ತಾನೇನೋ ಎಂದು ಕುದ್ದಿದ್ದಳು. ಈಗ ಗೊತ್ತಾಯಿತು, ಅದು ಕಳ್ಳನ ಅಂಜಿಕೆ!

“ಯಾರಿಗೂ ಹೇಳಂಗಿಲ್ಲ ಅಂತ ನಾ ಮಾತು ಕೊಟ್ಟೀನ್ರಿ. ನಿಮ್ಮಪ್ಪನ್ನ ಕೇಳ್ರಿ.”

“ನಮ್ಮಪ್ಪನ ಸುದ್ದಿ ನಿಮ್ಮ ಬಾಯಾಗ ಬರಬಾರದು!”

ಹಾಳೆ ಹಿಡಿದು ತನ್ನೂರು ಗಿಣಿಗೇರಾದ ಬಸ್ಸು ಹತ್ತಿದಳು.

ಅಪ್ಪ ಪಕ್ಕೀರಪ್ಪ ಹಿತ್ತಲಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕುತ್ತಿದ್ದ. ಕೆಮ್ಮು ಹೆಚ್ಚಾಗಿ ಕೆಲಸ ಬಿಟ್ಟು ಎರಡು ವರ್ಷ. ತಿಕ್ಕುವುದು ಮಾತ್ರ ಬಿಟ್ಟಿರಲಿಲ್ಲ.

“ಯಪ್ಪಾ, ಇದನ್ನ ಯಾರಿಗೆ ಹೇಳೀದಿ?”

ಅವನು ಹಾಳೆ ನೋಡಿದ. ಮುಖ ಅರಳಿತು.

“ಎದಿ ಭಾಳ ದೊಡ್ಡದು ತಗದಾನ ಮಗಾ! ನನಗ ಎಲ್ಲೈತಿ ಇಷ್ಟು?”

“ನಗಬ್ಯಾಡ! ಅಂವಗ ಹೆಂಗ ಗೊತ್ತು?”

“ನಾನ ಹೇಳೀನವ್ವ. ಅಂವ ನನ್ನ ಜೋಡಿ ಕುಲುಮಿ ಮುಂದ ದುಡದಾಂವ. ನಾ ಹೇಳತೀನಿ, ಅಂವ ತಗೀತಾನ. ಕೊನೀ ಪೇಜ್ ಒಂದ ಉಳದಮ್ಯಾಲ ನಿನಗ ಕೊಡೂಣು ಅಂತಿದ್ದೆ.”

“ನನಗ ಬಾಯಿಲೆ ಹೇಳಾಕ ಏನಾಗಿತ್ತು?”

ಪಕ್ಕೀರಪ್ಪ ಕೈಯ ಸೋಪು ತೊಳೆದುಕೊಂಡ.

“ನಿನ್ನ ತಮ್ಮ ಕೆಮ್ಮಿ ಕೆಮ್ಮಿ ಹೋದ. ಫ್ಯಾಕ್ಟರಿ ಧೂಳಿನಿಂದನೋ ಅಲ್ಲೋ, ದೇವರಿಗೇ ಗೊತ್ತು. ಆದ್ರ ದಿನಾ ಈ ಕೈಲೆ ಅವನ್ನ ಎತ್ತಿದ್ನಲ್ಲ... ನೀ ಓಡಿ ಬಂದಾಗ ಅಂಜಿ ಒದರಿದೆ. ನೀ ಸಿಟ್ಟಾಗಿ ದೂರ ಉಳದಿ. ಆದ್ರ ಬದುಕಿ ಉಳದಿ. ನನಗ ಅಷ್ಟ ಸಾಕಾತು.”

ಫ್ಯಾಕ್ಟರಿ ಗೇಟಿನ ಹತ್ತಿರ ಕೈ ತೊಳೆಯಲು ಒಂದು ನಲ್ಲಿ ಹಾಕಿಸದವರು ಧೂಳಿನ ದೆವ್ವವನ್ನು ಮನೆಮನೆಗೆ ಕಳಿಸಿದರು. ಅವರು ನೆಮ್ಮದಿಯಾಗಿ ಉಂಡರು. ಇಲ್ಲೊಬ್ಬ ಅಪ್ಪ ಮಗಳನ್ನು ಮುಟ್ಟದೆ ಮುದುಕನಾದ!

ರೇಣುಕಾ ಅಪ್ಪನ ಒದ್ದೆ ಕೈಯನ್ನು ಎಳೆದು ಕೆನ್ನೆಗೆ ಒತ್ತಿಕೊಂಡಳು. ಅವನು ಬಿಡಿಸಿಕೊಳ್ಳಲು ನೋಡಿದ. ಬಿಡಲಿಲ್ಲ. ಇಬ್ಬರೂ ಅತ್ತರು.

ಜಾಲಿ ಗಿಡದ ಕೆಳಗೆ ದುರುಗೇಶನ ಬೈಕ್ ಬಂದು ನಿಂತಿತು. ಅವಳು ಕಣ್ಣೊರೆಸಿಕೊಂಡು ಅತ್ತ ನಡೆದಳು.

“‘ಅಲ್ಲೇ ಇಡ್ರಿ, ಅಲ್ಲೇ ಇಡ್ರಿ’... ನನ್ನ ಕೈ ತಾಗಿದ್ರ ನಿಮ್ಮ ಜಾತಿ ಕೆಡತಿತ್ತೇನು?”

“ಜಾತಿ ಅಲ್ರೀ! ಡ್ಯೂಟಿ ಮುಗಿಸಿ ಸೀದಾ ಬರತಿದ್ದೆ. ಇಲ್ನೋಡ್ರಿ...”

ಅವನ ಅಂಗೈ ಗೆರೆಗಳಲ್ಲೆಲ್ಲ ಕರಿ ಧೂಳು ಕೂತಿತ್ತು. ಇವನೂ ಅಪ್ಪನಂತೆಯೇ!

“ಕೊಪ್ಪಳದಾಗ ಬ್ಯಾರೆ ಝೆರಾಕ್ಸ್ ಅಂಗಡಿ ಇರಲಿಲ್ಲೇನು?”

“ಇದ್ವು. ಅಲ್ಲಿ ನೀವು ಇರಲಿಲ್ಲಲ್ರೀ...”

ಅವಳು ಕೈ ಚಾಚಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ.

“ತೊಳಕೊಂಡು ಬರತೀನಿ, ದೂರ...”

“ದೂರ ಅಂದ್ರ ನೋಡ್ರಿ ಮತ್ತ!”

ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಅಂಗೈಯೂ ಕಪ್ಪಾಯಿತು.

“ಕಥಿ ಕೊನೀಗೆ ಏನಾಗತೈತಿ?”

“ಕೊನೀ ಪೇಜ್ ಖಾಲಿ ಐತ್ರಿ. ಮಗಳನ್ನ ಕೇಳಿ ತಗೀ ಅಂದಾರ ನಿಮ್ಮಪ್ಪ.”

“ಹಂಗಾದ್ರ ತಗೀರಿ. ಹೀರೋ ಮನಿಗೆ ಬರತಾನ. ಮಗಳು ಕೈಗೆ ನೀರು ಹಾಕತಾಳ. ಆಮ್ಯಾಲ ತಬ್ಬಕೋತಾಳ.”

“ಮತ್ತ... ಚಿತ್ರ ತಗದಾಂವ?”

“ಅಂವಗೂ ದಿನಾ ನೀರು ಹಾಕಾಕ ಒಬ್ಬಾಕಿ ಬೇಕಲ್ಲ... ನಿಮ್ಮ ಹಿತ್ತಲದಾಗ ಡ್ರಮ್ ಐತೇನು?”

ದುರುಗೇಶ ಅವಳ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದ.

“ಲೇ ದುರುಗ್ಯಾ!” ಹಿಂದಿನಿಂದ ಪಕ್ಕೀರಪ್ಪ ಕೂಗಿದ. “ಸೋಪು ಇಲ್ಲೈತಿ. ಇಬ್ಬರೂ ಬರ್ರಿ!”