ಟೇಪಿನ ಆ ತುದಿ

ನಾನು ಸರ್ವೆಯವನು; ಅಳತೆಗೆ ಸಿಗದ್ದನ್ನು ಹೇಳುವವನಲ್ಲ.

ಹೊಸ ಬಡಾವಣೆಯ ಮನೆಗಳು ಎಲ್ಲಿಂದ ಶುರುವಾಗಬೇಕೆಂದು ಕೆರೆ ಪಕ್ಕದ ಗದ್ದೆ ಅಳೆಯುತ್ತಿದ್ದೆ. ಜೊಂಡಿನ ಮರೆಯಲ್ಲಿ ಟೇಪಿನ ತುದಿ ಹಿಡಿದವನು ನನ್ನ ಭಾವಮೈದುನ.

"ಹಿಡಿದಿದ್ದೀಯೇನೋ?"

"ಹಿಡಿದಿದ್ದೀನಿ. ಹಿಂದೆ ಹೋಗಿ ಭಾವ."

ಉರಿಬಿಸಿಲಲ್ಲೂ ಟೇಪು ತಣ್ಣಗೆ ಕೊರೆಯುತ್ತಿತ್ತು.

"ಇನ್ನೂ ಹಿಂದೆ."

ಗದ್ದೆ ದಾಟಿ ಬರಡು ದಿಬ್ಬ ಹತ್ತಿದಾಗ "ಸಾಕು" ಎಂದಿತು ದನಿ. ಗೂಟ ಹೊಡೆದೆ.

ಬೆನ್ನ ಹಿಂದೆ ಭಾವಮೈದುನ ಟೀ ಹಿಡಿದು ನಿಂತಿದ್ದ. "ಯಾರ ಹತ್ರ ಮಾತಾಡ್ತಿದ್ರಿ ಭಾವ?"

ಆ ಗೂಟ ಕೀಳಲು ಯಾಕೋ ಮನಸ್ಸು ಬರಲಿಲ್ಲ. ಮನೆಗಳು ದಿಬ್ಬದ ಮೇಲೆಯೇ ಎದ್ದವು. ಮಳೆಗಾಲದಲ್ಲಿ ಉಕ್ಕಿದ ಕೆರೆ ಗೂಟದ ಬುಡಕ್ಕೇ ಬಂದು ನಿಂತಿತು.

ಗದ್ದೆಯಲ್ಲಿ ಇವತ್ತಿಗೂ ಪೈರಿದೆ, ಜೊಂಡಿನಲ್ಲಿ ಕೊಕ್ಕರೆ ಮರಿ ಮಾಡುತ್ತದೆ. ದಿಬ್ಬದ ಮೇಲೆ ನಮ್ಮದೂ ಒಂದು ಮನೆ. ಯಾರಿಗೆಂದು ತಿಳಿಯದಿದ್ದರೂ ದಿನಾ ಜೊಂಡಿನತ್ತ ಕೈಮುಗಿಯುತ್ತೇನೆ.

ಟೇಪಿನ ಆ ತುದಿ ಮಾತ್ರ ಇನ್ನೂ ಒಣಗಿಲ್ಲ.