ಠಾಣಾ ಕುಶನೂರಿನ ಕಳವಾದ ಬಾವಿ

ಬಂಗಾರ ಕಳಕೊಂಡವರು, ಎಮ್ಮೆ ಕಳಕೊಂಡವರು, ಒಮ್ಮೆ ಮದುವೆಯ ಹಿಂದಿನ ದಿನ ವರನನ್ನೇ ಕಳಕೊಂಡವರು ಕೂಡ ಬೀದರ ಮೈಲೂರಿನ ನಮ್ಮ ಮನೆಗೆ ಬಂದದ್ದುಂಟು. ಬಾವಿ ಕಳವಾಗಿದೆ ಎಂದು ಬಂದವಳು ಹೀರಾಬಾಯಿ ಒಬ್ಬಳೇ.

"ಟೀಚರ್ ಬಾಯಿ, ನನ್ನ ಬಾವಿ ಕಳವಾಗ್ಯದ್ರಿ," ಎಂದು ಬಾಗಿಲಲ್ಲೇ ಕೂತುಬಿಟ್ಟಳು.

ನನಗೆ ಸುಮ್ಮನಿರಲು ಎಲ್ಲಿ ಬರುತ್ತದೆ? "ಬಾವಿ ಹ್ಯಾಂಗ ಕಳವಾಗ್ತದವ್ವಾ? ಯಾರರೆ ಸೊಂಟಕ್ಕ ಸಿಗಿಸ್ಕೊಂಡು ಹೋದ್ರೇನು?" ಎಂದೆ.

"ವೈನಿ, ನೀವು ಚಹಾ ಇಡ್ರಿ," ಎಂದಳು ವೃಂದಾ. ಅದರ ಅರ್ಥ, ಬಾಯಿ ಮುಚ್ಚಿರಿ ಎಂದು.

ವೃಂದಾ ನನ್ನ ನಾದಿನಿ, ನಮ್ಮ ಮನೆಯವರ ತಂಗಿ. ಭಾಲ್ಕಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮದುವೆಯ ಗೋಜಿಗೆ ಹೋಗಲಿಲ್ಲ. ನಮ್ಮ ಮನೆಯವರು ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಬೇರೆಯವರು ಕೈಚೆಲ್ಲಿದ್ದನ್ನು ಪತ್ತೆ ಹಚ್ಚುವುದು ಅವಳ ಕೆಲಸ. ಬಸ್ಸಿನಲ್ಲಿ ಅವಳ ಚೀಲ ಹಿಡಿದುಕೊಳ್ಳುವುದು, ಊಟದ ಹೊತ್ತಾಯಿತೆಂದು ಬೈಯುವುದು, ಆಮೇಲೆ ಎಲ್ಲವನ್ನೂ ನಿಮ್ಮಂಥವರ ಮುಂದೆ ಹೇಳುವುದು ನನ್ನ ಕೆಲಸ.

ಹೀರಾಬಾಯಿಯನ್ನು ಕೊಟ್ಟದ್ದು ಭಾಲ್ಕಿಗೆ. ಅವಳ ಮಗಳು ಸಿದ್ದೇಶ್ವರಿ ವೃಂದಾಳ ಕೈಯಲ್ಲಿ ಕಲಿತವಳು. ತವರು ಔರಾದ ತಾಲೂಕಿನ ಠಾಣಾ ಕುಶನೂರ. ಕುರಿ ಸಾಕಿ, ಮಳೆ ನಂಬಿ ಬೇಸಾಯ ಮಾಡಿದ ಮನೆತನ.

"ಅವ್ವ ಇಲ್ಲ, ಅಪ್ಪ ಇಲ್ಲ. ಹೊಲ ನಮ್ಮ ತಮ್ಮ ಮಡೆಪ್ಪಂದು. ಕಾರ್ಖಾನಿಗೆ ಕೊಡ್ತೇವಿ ಅಂತ ಅವನ ಮಗ ಮಾತು ಕೊಟ್ಟಾನ, ಕೊಡಲಿ. ಹೊಲದ ಮ್ಯಾಲ ನನ್ನ ತಕರಾರಿಲ್ಲ," ಎಂದಳು ಹೀರಾಬಾಯಿ. "ಆದ್ರ ಆ ಬಾವಿ, ನಮ್ಮವ್ವ ಕುರಿಗೋಳಿಗೆ ನೀರು ಸೇದತಿದ್ದ ಬಾವಿರಿ. ಸಣ್ಣಾಕಿ ಇದ್ದಾಗ ಅದರಾಗ ಬಗ್ಗಿ 'ಅವ್ವಾ' ಅಂತ ಒದರತಿದ್ದೆ. ಬಾವಿನೂ 'ಅವ್ವಾ' ಅಂತಿತ್ತು. ಅವ್ವ ಸತ್ತ ಮ್ಯಾಲೂ ವರ್ಷಾ ಎಳ್ಳಮಾಸಿಗೆ ಹೋಗಿ, ಪಾಂಡವರ ಪೂಜಿ ಮುಗಿಸಿ, ಒಂದ್ಸಲ ಒದರಿ ಬರ್ತೇನಿ. ಅಷ್ಟೇರಿ ನನಗ ತವರು ಅಂತ ಉಳದದ್ದು. ಮೊನ್ನಿ ಹೋದ್ರ ಬಾವಿ ಇದ್ದ ಜಾಗದಾಗ ತೊಗರಿ ನಿಂತದ!"

ತವರು ಎಂದ ಕೂಡಲೇ ನನಗೆ ಉದಗೀರದ ನಮ್ಮ ಮನೆ ನೆನಪಾಯಿತು. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿಗಳ ಸಾಲಿದೆ. ನಾವು ಮನೆಯಲ್ಲಿ ಮರಾಠಿ ಆಡುವವರು, ತಾಯಿಗೆ ಆಯಿ ಅನ್ನುತ್ತಿದ್ದೆವು. ಆಯಿ ಹೋದ ಮೇಲೆ ಆ ಶಬ್ದ ನನ್ನ ಬಾಯಲ್ಲಿ ಬಂದೇ ಇಲ್ಲ. ಎದ್ದು ಚಹಾಕ್ಕೆ ಶುಂಠಿ ಜಜ್ಜಿದೆ.

ಕಾರ್ಖಾನೆಯ ಸುದ್ದಿ ನಮಗೂ ಗೊತ್ತಿತ್ತು. ರಸಾಯನದ ದೊಡ್ಡ ಕಾರ್ಖಾನೆ, ಕಡತವೆಲ್ಲ ಬೀದರಿನ ಕಚೇರಿಗಳಲ್ಲಿ ತಯಾರಾಗಿತ್ತು. ಆ ಜಾಗದೊಳಗೆ ಬಾವಿಯಾಗಲಿ ಹಳ್ಳವಾಗಲಿ ಇಲ್ಲ ಎಂದು ಪರಿಸರ ವರದಿ ಹೇಳುತ್ತಿತ್ತು. ಇನ್ನು ಉಳಿದದ್ದು ಜನರ ಮಾತು ಕೇಳುವ ಆಲಿಕೆ ಸಭೆ. ಅದು ನಾಡಿದ್ದು. ಅಷ್ಟರೊಳಗೆ ನೀರಿರುವ ಬಾವಿ ತೋರಿಸಿದರೆ ವರದಿ ಸುಳ್ಳಾಗಿ ಮಂಜೂರಾತಿ ನಿಲ್ಲುತ್ತದೆ. ಇಲ್ಲವಾದರೆ ಜೆಸಿಬಿ ಬರುತ್ತದೆ, ಹೀರಾಬಾಯಿಯ ತವರು ಮುಗಿಯುತ್ತದೆ.

"ಯಾರು ಮುಚ್ಚಿದ್ರು ಅಂದ್ರ ಒಬ್ರೂ ಬಾಯಿ ಬಿಡವಲ್ರು. ಮಡೆಪ್ಪ ಅಂತೂ ತಲಿ ತಗ್ಗಿಸಿ ಕೂಡ್ತಾನ. ಹುಡುಕಿ ಕೊಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ," ಎಂದು ಹೀರಾಬಾಯಿ ಅತ್ತಳು.

ಅದೇ ದಿನ ಮೊದಲು ಹೋದದ್ದು ಗಾಂಧಿ ಗಂಜದ ಮಾರುಕಟ್ಟೆಗೆ. ಅಲ್ಲಿ ಗೋರಖನಾಥ ಸೇಠ್ ತೊಗರಿ ವ್ಯಾಪಾರದ ಜೊತೆಗೆ ಕಾರ್ಖಾನೆಗೆ ಜಮೀನು ಕೂಡಿಸುವ ದಲ್ಲಾಳಿಕೆಯನ್ನೂ ನಡೆಸಿದ್ದ. ಹಮಾಲರು ಚೀಲ ಹೊತ್ತು ನನ್ನ ಮೈಮೇಲೇ ಬರುತ್ತಿದ್ದರು; ಎರಡು ಸಲ ಬೈದೆ, ಮೂರನೆಯ ಸಲ ನಾನೇ ಪಕ್ಕಕ್ಕೆ ಸರಿದೆ.

ಸೇಠ್ ಮುಚ್ಚುಮರೆ ಮಾಡಲಿಲ್ಲ. "ಬಾವಿ ತುಂಬಸಬೇಕಂತ ಇದ್ದದ್ದು ಖರೆ ಅದರಿ. ಬ್ಯಾಸಗ್ಯಾಗ ಮುರುಮ ಮಣ್ಣು ಹೇರಿ ಟಿಪ್ಪರ್ ಕಳಿಸಿದೆ. ಡ್ರೈವರ್ ಫೋನ್ ಮಾಡಿ, 'ಸೇಠ್, ಇಲ್ಲಿ ಬಾವೀನೇ ಇಲ್ಲ' ಅಂದ. ಮಡೆಪ್ಪನ ಮಗ ಅಮೋಲ್ ನಮಗಿಂತ ಮೊದಲೇ ತುಂಬಿಸ್ಯಾನ ಅಂತ ತಿಳಕೊಂಡೆ. ಅವಂಗ ಕಾರ್ಖಾನ್ಯಾಗ ಸೂಪರ್‌ವೈಸರ್ ಕೆಲಸ ಬೇಕಾಗ್ಯದ ನೋಡ್ರಿ."

"ನಿಮ್ಮ ಡ್ರೈವರ್ ಅಲ್ಲಿ ಬ್ಯಾರೆ ಟಿಪ್ಪರ್ ಬಂದ ಗುರುತು ಕಂಡನೇನು?" ಎಂದು ವೃಂದಾ ಕೇಳಿದಳು.

"ಎತ್ತಿನ ಗಾಡಿ ಗಾಲಿ ಗುರುತು ಬಿಟ್ರ ಏನೂ ಇದ್ದಿಲ್ಲಂತ," ಎಂದ ಸೇಠ್.

ಮರುದಿನ ಹೀರಾಬಾಯಿಯನ್ನೂ ಕರಕೊಂಡು ಔರಾದದ ಬಸ್ಸು ಹತ್ತಿದೆವು. ನನ್ನ ಸೊಂಟ ಹೇಳದೆ ಕೇಳದೆ ಎರಡು ತುಂಡಾಯಿತು. ಕುಶನೂರಿನ ಹೊಲದಲ್ಲಿ ಅಮೋಲ್ ಕಾಯುತ್ತ ನಿಂತಿದ್ದ. ಪಕ್ಕದಲ್ಲಿ ಸಭೆಯ ತಯಾರಿಗೆ ಬಂದಿದ್ದ ಆಶೀಷ, ಪರಿಸರ ವರದಿ ತಯಾರಿಸಿದ ಹುಡುಗ ಇಂಜಿನಿಯರ್.

"ಅತ್ತಿ, ನಾ ಮುಚ್ಚಿಲ್ಲ. ಸೇಠ್ ಟಿಪ್ಪರ್ ಕಳಿಸಿ ತುಂಬಿಸ್ಯಾರ, ಅವರನ್ನ ಕೇಳು," ಎಂದು ಅಮೋಲ್ ಸಿಡಿದ.

"ನಾನು ಮಳೆಗಾಲದಲ್ಲಿ ಬಂದೆ ಮೇಡಂ. ಮೊಣಕಾಲೆತ್ತರ ತೊಗರಿ ಇತ್ತು. ಬಾವಿ ಕಾಣಲಿಲ್ಲ, ಹಾಗೇ ಬರೆದೆ," ಎಂದ ಆಶೀಷ. ಪಾಪ, ಮುಖ ಬಿಳಿಚಿಕೊಂಡಿತ್ತು. ಬಾವಿ ಮುಚ್ಚಿಸಿ ವರದಿ ಬರೆದವನು ಅವನೇ ಇರಬೇಕು ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ನನ್ನ ತೀರ್ಮಾನಗಳು ಎಂದೂ ತಡವಾಗುವುದಿಲ್ಲ, ಸರಿಯಾಗುವುದು ಮಾತ್ರ ಅಪರೂಪ.

ಬದುವಿನ ಬೇವಿನ ಮರದಡಿ ಐದು ಕಲ್ಲುಗಳಿದ್ದವು. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗಿ, ಇಂಥ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ಭಜ್ಜಿ ಅಂಬಲಿ ಎಡೆ ಇಡುತ್ತದೆ.

"ಪಾಂಡವರು ಇಲ್ಲಿ ಇದ್ದಿಲ್ಲರಿ. ಬಾವಿ ದಂಡಿಗೆ ಇದ್ರು," ಎಂದಳು ಹೀರಾಬಾಯಿ.

ವೃಂದಾ ಕೆಳಗೆ ಕೂತು ನೋಡಿದಳು. ಕಲ್ಲುಗಳು ಮೂಡಣಕ್ಕೆ ಮುಖ ಮಾಡಿದ್ದವು. ದೊಡ್ಡ ಕಲ್ಲು ಎಡದಿಂದ ಎರಡನೆಯದು, ಅದೇ ಭೀಮ. ಮೊದಲೂ ಹಾಗೇ ಇತ್ತೆಂದು ಹೀರಾಬಾಯಿ ಹೇಳಿದಳು. ಎಲ್ಲೂ ಒಂದು ಚಕ್ಕೆ ಎದ್ದಿರಲಿಲ್ಲ. ಬುಡಕ್ಕೆ ಮೆತ್ತನೆಯ ಮರಳು ಹಾಸಿತ್ತು.

ಹೊಲದ ತುಂಬ ತೊಗರಿ ಕಾಯಿ ಕಟ್ಟಿ ಹಸಿರಾಗಿ ನಿಂತಿತ್ತು. ನಡುವೆ ಒಂದು ಕಡೆ ಮಾತ್ರ ಗಿಡಗಳು ದುಂಡಗೆ ಒಣಗಿ ಕಂದಾಗಿದ್ದವು. "ನೆಟೆ ರೋಗ," ಎಂದ ಅಮೋಲ್. ವೃಂದಾ ಅಲ್ಲಿ ಕೂತು, ತಲೆ ನೆಲಕ್ಕೆ ತಾಗುವಷ್ಟು ಬಗ್ಗಿ, ಆಚೆ ಈಚೆ ಕಣ್ಣಾಡಿಸಿದಳು. "ಒಂದು ಬಟ್ಟಲದಷ್ಟೂ ತಗ್ಗಿಲ್ಲ," ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಆಮೇಲೆ ನನಗೆ, "ವೈನಿ, ಆ ಒಣಗಿದ್ದರ ನಡುವ ಹಾದು ಹೋಗಿ ಆಚಿ ಕಡಿ ನಾಕು ಹಸಿ ಕಾಯಿ ಹರಕೊಂಡು ಬರ್ರಿ," ಎಂದಳು.

ಹೋದೆ. ನೆಲ ದಬ್ ದಬ್ ಎಂದಿತು. "ನೀವು ನಡದ್ರ ನೆಲ ಡೊಳ್ಳು ಬಾರಿಸ್ತದಲ್ಲ ವೈನಿ!" ಎಂದು ಅವಳು ನಕ್ಕಳು. ಅಮೋಲನೂ ನಕ್ಕ. ನಾನು ಕಾಯಿ ಕೊಡಲೇ ಇಲ್ಲ, ಎಲ್ಲ ಒಬ್ಬಳೇ ತಿಂದೆ.

ಸಂಜೆ ಮಡೆಪ್ಪನ ಮನೆಗೆ ಹೋದೆವು. ಬಡಕಲು ಮನುಷ್ಯ, ಹೆಗಲ ಮೇಲೆ ಕಂಬಳಿ. ಬಾವಿಯ ಮಾತು ತೆಗೆದರೆ ನೆಲ ನೋಡುತ್ತಿದ್ದ. ಅಂಗಳಕ್ಕೆ ಕಾಲಿಟ್ಟ ಹೀರಾಬಾಯಿ ನಿಂತುಬಿಟ್ಟಳು. "ಅಪ್ಪ ಶಹಾಬಾದದಿಂದ ತರಿಸಿ ಹಾಸಿದ್ದ ಫರ್ಸಿ ಕಲ್ಲು ಎಲ್ಲಿ ಹೋದವೋ ಮಡೆಪ್ಪಾ?"

"ಒಡದು ಹೋಗಿದ್ವು ಅಕ್ಕಾ. ತಗದು ಒಗದೆ," ಎಂದ.

ದನದ ಕೊಟ್ಟಿಗೆಯ ಮಾಡಿಗೆ ಹೊಸ ಜಾಲಿ ಕಟ್ಟಿಗೆ ಕೊಟ್ಟಿದ್ದರು. ಗೋಡೆಯಲ್ಲಿ ಹಳೆಯ ಕಬ್ಬಿಣದ ತೊಲೆ ಕೂತಿದ್ದ ಗೂಡು ಹಾಗೇ ತೆರೆದಿತ್ತು. ನಾನು ಅದನ್ನು ನೋಡಿದೆ, ಏನೂ ತಿಳಿಯಲಿಲ್ಲ. ಹೀರಾಬಾಯಿ ಹೊಸ್ತಿಲಲ್ಲಿ ಕೂತು ಮತ್ತೆ ಅಳತೊಡಗಿದಾಗ ಮಡೆಪ್ಪ ತನ್ನ ಕಂಬಳಿ ತೆಗೆದು ಅಕ್ಕನ ಹೆಗಲಿಗೆ ಹೊದಿಸಿದ. ವೃಂದಾ ಅದನ್ನೇ ನೋಡುತ್ತಿದ್ದಳು. ಹೊರಗೆ ಬಂದು ಪರಿಸರ ಅಧಿಕಾರಿಗೆ ಫೋನ್ ಮಾಡಿದಳು: "ನಾಳೆ ಸಭೆಗೆ ಮುಂಚೆ ಹೊಲಕ್ಕೆ ಬನ್ನಿ. ಬಾವಿ ತೋರಿಸ್ತೇನೆ."

ಮರುದಿನ ಬೆಳಿಗ್ಗೆ ಹೊಲದಲ್ಲಿ ಎಲ್ಲರೂ ಸೇರಿದರು. ಅಧಿಕಾರಿ, ಆಶೀಷ, ಗೋರಖನಾಥ ಸೇಠ್, ಅಮೋಲ್, ಮಡೆಪ್ಪ, ಹೀರಾಬಾಯಿ. ಸಭೆಗೆ ಹೊರಟಿದ್ದ ಊರವರೂ ಬಂದು ನಿಂತರು.

"ಅಮೋಲ್ ತುಂಬಿಸ್ಯಾನ ಅಂತ ಸೇಠ್ ತಿಳಕೊಂಡ್ರು. ಸೇಠ್ ತುಂಬಿಸ್ಯಾರ ಅಂತ ಅಮೋಲ್ ತಿಳಕೊಂಡ," ಎಂದು ವೃಂದಾ ಶುರುಮಾಡಿದಳು. "ಇಬ್ಬರೂ ಸುಳ್ಳು ಹೇಳಿಲ್ಲ. ಇಬ್ಬರ ತಪ್ಪೂ ಒಂದೇ, ಬಾವಿ ತುಂಬ್ಯದ ಅಂತ ನಂಬಿದ್ದು. ತುಂಬಿದ ಬಾವಿ ಒಂದು ಮಳಿಗಾಲ ಕಂಡ್ರ ಮಣ್ಣು ಕುಸೀತದ, ತಗ್ಗು ಬೀಳ್ತದ. ಇಲ್ಲಿ ತಗ್ಗಿಲ್ಲ."

"ನೆಟೆ ರೋಗ ಗಿಡ ಆರಿಸ್ಕೊಂಡು ಅಲ್ಲೊಂದು ಇಲ್ಲೊಂದು ಒಣಗಿಸ್ತದ," ಎಂದು ಅವಳೇ ಮುಂದುವರಿಸಿದಳು. "ಹಂಚಿನಂಗ ದುಂಡಗ ಒಣಗಿಸೋದಿಲ್ಲ. ತೊಗರಿ ಬೇರು ಆಳಕ್ಕ ಇಳೀತದ. ಮಳ್ಯಾಗ ಮ್ಯಾಲಿನ ಹಸಿ ಸಾಕಾಯ್ತು, ಅದಕ್ಕ ಆಶೀಷಗ ಹಸಿರು ಕಂಡಿತು. ಮಳಿ ನಿಂತ ಮ್ಯಾಲ ಬೇರು ಕೆಳಗ ಹೋಗಬೇಕಿತ್ತು, ಕಲ್ಲು ಅಡ್ಡ ಬಂತು. ಅಂಗಳದ ಫರ್ಸಿ ಇಲ್ಲ, ಕೊಟ್ಟಿಗಿ ತೊಲಿ ಇಲ್ಲ. ತೊಲಿ ಅಡ್ಡ ಹಾಕಿ, ಫರ್ಸಿ ಹಾಸಿ, ಮ್ಯಾಲ ಮಣ್ಣು ಹರವ್ಯಾರ. ಎಲ್ಲ ಎತ್ತಿನ ಗಾಡ್ಯಾಗ ಬಂದದ. ನಮ್ಮ ವೈನಿ ನಡದಾಗ ಟೊಳ್ಳು ಸಪ್ಪಳ ಬಂತು."

"ಅಂದ್ರ ನನ್ನನ್ನ ಬಾವಿ ಮ್ಯಾಲ ನಡಸಿದಿ!" ಎಂದು ನಾನು ಕಿರುಚಿದೆ.

"ಕಬ್ಬಿಣದ ತೊಲಿ ಅದಾವ ವೈನಿ, ನಿಮ್ಮನ್ನ ತಡದಾವ," ಎಂದಳು. ಅಲ್ಲೇ ಅವಳ ಜುಟ್ಟು ಹಿಡಿಯಬೇಕೆನಿಸಿತು. ಜನ ಇದ್ದರು, ಬಿಟ್ಟೆ.

ಅಧಿಕಾರಿ ಕೇಳಿದರು: "ಹಾಗಾದರೆ ಮುಚ್ಚಿದ್ದು ಯಾರು?"

"ಬಾವಿ ಬ್ಯಾಡಾದವರು ಮುರುಮ ಸುರೀತಾರ, ಪಾಂಡವರನ್ನೂ ಅದರಾಗೇ ನೂಕ್ತಾರ. ಇಲ್ಲಿ ಐದು ಮಂದಿನ್ನೂ ಎತ್ತಿ ತಂದು, ಮರಳು ಹಾಸಿ, ಮೊದಲಿನ ಸಾಲಿನಾಗೇ ಕೂಡಿಸ್ಯಾರ. ಬಾವಿ ಮುಂದೊಂದು ದಿನ ಮತ್ತ ಬೇಕು ಅನ್ನೋರ ಕೆಲಸ ಇದು." ವೃಂದಾ ದನಿ ಇಳಿಸಿದಳು. "ಮಡೆಪ್ಪಾ, ನೀ ಹೇಳ್ತಿಯೋ, ನಾ ಹೇಳಲೋ?"

ಮಡೆಪ್ಪ ಕುಸಿದು ಕೂತ. "ನಾನೇರಿ. ಮಗ ಮಾತು ಕೊಟ್ಟಿದ್ದ, ಟಿಪ್ಪರ್ ಬರೋದಿತ್ತು. ಅವ್ವ ನೀರು ಸೇದಿದ ಬಾವ್ಯಾಗ ಮುರುಮ ಬೀಳೋದು ನನ್ನ ಕಣ್ಣಿಲೆ ನೋಡಲಿಕ್ಕ ಆಗ್ತಿದ್ದಿಲ್ಲ. ಮಗ ಊರಾಗ ಇಲ್ಲದಾಗ ಮುಚ್ಚಿದೆ. ಕಾರ್ಖಾನಿ ಬರಲಿಕ್ಕಿಲ್ಲ, ಮತ್ತ ತಗದರಾಯ್ತು ಅಂತ ಒಂದು ಆಶಾ ಇತ್ತು." ಅಕ್ಕನ ಕಡೆ ತಿರುಗಿದ. "ನಿನಗ ಹೇಳಿದ್ರ ಊರಿಗೆಲ್ಲ ಗೊತ್ತಾಗ್ತಿತ್ತು ಅಕ್ಕಾ. ಅಮೋಲನ ಬಾಳ್ವಿ ಏನಾಗಬೇಕು?"

"ಅಪ್ಪಾ, ನನ್ನ ಕೆಲಸ ಹೋಯ್ತಲ್ಲೋ!" ಎಂದು ಅಮೋಲ್ ಒದರಿದ. ಮಡೆಪ್ಪ ಎದ್ದು ಸನಿಕೆ ತಂದ. ಅಮೋಲ್ ಹಲ್ಲು ಕಚ್ಚಿ ಅಪ್ಪನ ಕೈಯಿಂದ ಸನಿಕೆ ಕಸಕೊಂಡು ತಾನೇ ಅಗೆಯತೊಡಗಿದ.

ಮೊದಲ ಫರ್ಸಿ ಸರಿದಾಗ ಕೆಳಗಿನಿಂದ ತಣ್ಣನೆಯ ಗಾಳಿ ಬಂತು. ಆಳದಲ್ಲಿ ನೀರು ಹೊಳೆಯಿತು. ಆಶೀಷ ಮೊದಲು ಬಗ್ಗಿ ನೋಡಿ, "ನನ್ನ ವರದಿ ತಪ್ಪು ಸರ್," ಎಂದ. ಸಭೆ ಮುಂದಕ್ಕೆ ಹಾಕುತ್ತೇವೆ, ಹೊಸದಾಗಿ ಪರೀಕ್ಷೆ ಆಗುವ ತನಕ ಮಂಜೂರಾತಿ ಇಲ್ಲ, ಬಾವಿಯನ್ನು ಯಾರೂ ಮುಟ್ಟಕೂಡದು ಎಂದು ಅಧಿಕಾರಿ ಎಲ್ಲರ ಮುಂದೆ ಹೇಳಿದರು. ಗೋರಖನಾಥ ಸೇಠ್ ಯಾರಿಗೋ ಫೋನ್ ಮಾಡುತ್ತ ಕಾರಿನ ಕಡೆ ನಡೆದ. ಕಾರ್ಖಾನೆ ಮುಂದೆ ಬರುತ್ತದೋ ಬಿಡುತ್ತದೋ ನನಗೆ ಇಂದಿಗೂ ಗೊತ್ತಿಲ್ಲ.

ಹೀರಾಬಾಯಿ ದಂಡೆಯ ಮೇಲೆ ಕೈಯೂರಿ ಬಗ್ಗಿದಳು. ಮಡೆಪ್ಪ ಪಕ್ಕಕ್ಕೆ ಬಂದು ಅಕ್ಕನ ರಟ್ಟೆ ಹಿಡಿದ.

"ಅವ್ವಾ!"

"ಅವ್ವಾ..." ಎಂದಿತು ಬಾವಿ.

ಅಕ್ಕ ತಮ್ಮ ಇಬ್ಬರೂ ಅತ್ತರು. ನಾನೂ ಅತ್ತೆ, ನನ್ನನ್ನೇನು ಕೇಳುತ್ತೀರಿ. ಹೀರಾಬಾಯಿ ತಿರುಗಿ ನನ್ನ ಮುಖ ನೋಡಿದಳು. ಏನು ಕಂಡಿತೋ, "ಬರ್ರಿ ಬಾಯಿ, ನೀವೂ ಒಮ್ಮೆ ಒದರ್ರಿ," ಎಂದು ಜಾಗ ಬಿಟ್ಟಳು.

ಬೇಡ ಬೇಡ ಎನ್ನುತ್ತಲೇ ಹೋಗಿ ಬಗ್ಗಿದೆ. ವೃಂದಾ ಹಿಂದಿನಿಂದ ನನ್ನ ಸೆರಗು ಗಟ್ಟಿಯಾಗಿ ಹಿಡಿದುಕೊಂಡಳು. ಆ ಶಬ್ದ ಬಾಯಿಗೆ ಬರುತ್ತದೋ ಇಲ್ಲವೋ ಎಂದು ಹೆದರಿದ್ದೆ, ಬಂತು.

"ಆಯೀ!"

"ಆಯೀ..." ಎಂದಿತು ಬಾವಿ. ಅದಕ್ಕೆ ಮರಾಠಿಯೂ ಬರುತ್ತಿತ್ತು.